ಕೋಲ್ಟರ್ ಗುಡ್ಡದ ಒಂಟಿ ಹುಂಜ

ಅಮೆರಿಕದ ಓಝಾರ್ಕ್ ಬೆಟ್ಟಗಳ ಗಂಡಸು ಹೆಂಡತಿಗೆ ಸುಳ್ಳು ಹೇಳಲು ಹೆದರಿಯಾನು, ಪಾದ್ರಿಗೆ ಸುಳ್ಳು ಹೇಳಲು ನಾಚಿಯಾನು. ಕಾಡು ಟರ್ಕಿ ಕೋಳಿಯ ಹುಂಜ ಎಲ್ಲಿ ಕೂಗಿತು ಎಂದು ಕೇಳಿದರೆ ಮಾತ್ರ ಕಣ್ಣು ಮಿಟುಕಿಸದೆ ತಲೆ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುತ್ತಾನೆ. ಅದನ್ನು ಅಲ್ಲಿ ಯಾರೂ ಪಾಪದ ಲೆಕ್ಕಕ್ಕೆ ಸೇರಿಸುವುದಿಲ್ಲ. ಏಪ್ರಿಲ್‌ನ ಬೇಟೆಯ ಕಾಲ ಬಂತೆಂದರೆ ಗೇಲನ್‌ನ ಅಂಗಡಿಯಲ್ಲಿ, ಎರೆಹುಳುವನ್ನೂ ತೋಟಾವನ್ನೂ ಒಂದೇ ಹಲಗೆಯ ಮೇಲಿಟ್ಟು ಮಾರುವ ಆ ಅಂಗಡಿಯಲ್ಲಿ, ಬೆಳಗಿನ ಕಾಫಿಗೆ ಸೇರಿದವರೆಲ್ಲ "ಒಂದೂ ಕೂಗ್ಲಿಲ್ಲಪ್ಪ, ಕಾಡೆಲ್ಲ ಮಸಣ" ಎನ್ನುವವರೇ. ಹಾಗೆಂದವನ ಪಿಕಪ್ಪಿನ ಹಿಂದುಗಡೆ ಇನ್ನೂ ಬಿಸಿ ಆರದ ಹುಂಜ ಮಲಗಿರುತ್ತಿತ್ತು.

ಹೀಗಾಗಿ ಹಕ್ಕಿಗಳು ನಿಜವಾಗಿಯೂ ಇಲ್ಲವಾದಾಗ ಯಾರಿಗೂ ಗೊತ್ತೇ ಆಗಲಿಲ್ಲ. ಎಲ್ಲರೂ ಎಂದಿನಂತೆ "ಒಂದೂ ಇಲ್ಲ" ಎಂದರು, ಎಲ್ಲರೂ ಎಂದಿನಂತೆ ಪಕ್ಕದವನನ್ನು ಅನುಮಾನದಿಂದ ನೋಡಿದರು.

ಡಾಯ್ಲ್‌ಗೆ ಮಾತ್ರ ಗೊತ್ತಾಯಿತು. ಅವನು ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಮಾತು ಕಡಿಮೆ, ಮೊಣಕಾಲು ನೋವು ಜಾಸ್ತಿ. ಅವನಿಗೆ ಬೇಟೆ ಕಲಿಸಿದ್ದು ಅಕ್ಕ ನೆಲ್ಡಾಳ ಗಂಡ ಆರ್ವಿಲ್. ಈ ಆರ್ವಿಲ್ ಭಾವನಿಗೆ ಒಂದು ಚಳಿಗಾಲದಲ್ಲಿ ಲಕ್ವ ಹೊಡೆದು ಬಲಗಾಲು ಬಿದ್ದುಹೋಗಿತ್ತು. ಗುಡ್ಡ ಹತ್ತುವುದಿರಲಿ, ಜಗುಲಿಯ ಮೆಟ್ಟಿಲು ಇಳಿಯುವುದೂ ಕಷ್ಟ. ಆದರೂ ವಸಂತ ಬಂದ ಕೂಡಲೇ ಹೊತ್ತಿಗೆ ಮುಂಚೆ ಎದ್ದು, ಗಡ್ಡ ಹೆರೆದುಕೊಂಡು, ಜಗುಲಿಯ ಕುರ್ಚಿಯಲ್ಲಿ ಕೂತು ಎದುರಿನ ಕೋಲ್ಟರ್ ಗುಡ್ಡಕ್ಕೆ ಕಿವಿ ಕೊಡುತ್ತಿದ್ದ. ಟರ್ಕಿ ಹುಂಜ ಬೆಳಕು ಹರಿಯುವಾಗ ಕೂಗುತ್ತದೆ. ಆ ಕೂಗು ಕೇಳಿದರೆ ಆರ್ವಿಲ್‌ಗೆ ಕಾಲು ಇದ್ದಂತೆಯೇ ಲೆಕ್ಕ.

ಆ ವಸಂತದಲ್ಲಿ ಗುಡ್ಡ ಕೂಗಲಿಲ್ಲ. ಡಾಯ್ಲ್ ಹೋಗಿ "ಕೂಗ್ತಾ ಭಾವ?" ಎಂದು ಕೇಳಿದರೆ ಮೊದಲ ದಿನ "ಗಾಳಿ ಜಾಸ್ತಿ ಇತ್ತು" ಎಂದ. ಇನ್ನೊಂದು ದಿನ "ಮಂಜು ಬಿದ್ದಿತ್ತಲ್ಲ, ಅವಕ್ಕೂ ಚಳಿ" ಎಂದ. ಆಮೇಲೊಂದು ದಿನ ಏನೂ ನೆಪ ಹೇಳದೆ, "ನನ್ನ ಕಿವೀನೂ ಹೋಯ್ತು ಕಣೋ" ಎಂದುಬಿಟ್ಟ.

ಅದನ್ನು ಡಾಯ್ಲ್‌ಗೆ ಸಹಿಸಲಾಗಲಿಲ್ಲ. ಅವನು ಮೂರು ಕಣಿವೆ ಸುತ್ತಿ ಬಂದಿದ್ದ. ಎಲೆ ಕೆದರಿದ ಗುರುತಿಲ್ಲ, ಹಿಕ್ಕೆ ಇಲ್ಲ, ಒಂದು ಗರಿ ಇಲ್ಲ. ಕಿವಿ ಸರಿಯಾಗಿದೆ, ಹಕ್ಕಿಯೇ ಇಲ್ಲ ಎಂದು ಹೇಳಬೇಕಿತ್ತು. ಹೇಳುವ ಬದಲು ಮಾರನೆಯ ದಿನ ನಸುಕಿನಲ್ಲಿ ಕೋಲ್ಟರ್ ಗುಡ್ಡ ಹತ್ತಿ, ಮೇಲಿನ ಹಲ್ಲಿನ ಸೆಟ್ಟನ್ನು ಕಳಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಕತ್ತು ಉದ್ದ ಮಾಡಿ ತಾನೇ ಹುಂಜನ ಹಾಗೆ ಗಳಗಳಗಳ ಎಂದು ಕೂಗಿದ. ಹಲ್ಲಿದ್ದರೆ ಆ ಕೂಗು ಬಾಯಲ್ಲಿ ಹೊರಳುವುದಿಲ್ಲ.

ಅಂದು ಭಾವನ ಮನೆಗೆ ಕಾಫಿಗೆ ಹೋದಾಗ ಆರ್ವಿಲ್ ಮದುಮಗನಂತೆ ಕೂತಿದ್ದ. "ಲೋ, ಬಂದ ಕಣೋ! ಮುದುಕ ಹುಂಜ. ಗಂಟಲು ಸ್ವಲ್ಪ ಕಟ್ಟಿದೆ. ಆದ್ರೂ ಏನು ಗತ್ತು ಅಂತೀಯ!"

ಆಯಿತು, ಡಾಯ್ಲ್ ಸಿಕ್ಕಿಹಾಕಿಕೊಂಡ. ಒಂದು ದಿನ ಕೂಗಿದವನು ಮರುದಿನ ಕೂಗದಿರುವಂತಿಲ್ಲ, ಈ ವರ್ಷ ಕೂಗಿದವನು ಮುಂದಿನ ವರ್ಷ ಬಿಡುವಂತಿಲ್ಲ. ಬೇಟೆಯ ಕಾಲದಲ್ಲಿ ಕಾಡಿನಲ್ಲಿ ಕೂತು ಹುಂಜನ ಕೂಗು ಹಾಕುವುದೆಂದರೆ ನೆತ್ತಿಯ ಮೇಲೆ ಗುರಿ ಬರೆದುಕೊಂಡ ಹಾಗೆ. ಒಂದು ಸಲ ಅಂಗಡಿಯ ಗೇಲನ್ ಬಂದೂಕು ಹಿಡಿದು ಹೊಟ್ಟೆಯ ಮೇಲೆ ತೆವಳುತ್ತಾ ಬಂದೇಬಿಟ್ಟ. ಡಾಯ್ಲ್ ಗುಡ್ಡದ ಆಚೆ ಬದಿಗೆ ಕುಂಡಿಯ ಮೇಲೆ ಜಾರಿಕೊಂಡು ಹೋಗಿ ಜೀವ ಉಳಿಸಿಕೊಂಡ. ಪ್ಯಾಂಟು ಉಳಿಯಲಿಲ್ಲ.

ಇಷ್ಟರಲ್ಲಿ ವನ್ಯಜೀವಿ ಇಲಾಖೆಯವರು ಫೋನು ಹಿಡಿದರು. ಟರ್ಕಿಗಳು ಕಡಿಮೆಯಾಗುತ್ತಿವೆಯಂತೆ, ಬೇಟೆಗಾರರನ್ನೇ ಕೇಳಿ ಸಮೀಕ್ಷೆ ಮಾಡುತ್ತಾರಂತೆ. ಈ ವಸಂತದಲ್ಲಿ ಎಷ್ಟು ಹುಂಜ ಕೂಗಿದ್ದು ಕೇಳಿದಿರಿ? ಎಲ್ಲರೂ ವಾಡಿಕೆಯಂತೆ "ಒಂದೂ ಇಲ್ಲ" ಎಂದರು. ಆರ್ವಿಲ್‌ಗೆ ಮಾತ್ರ ಮುಚ್ಚಿಡುವ ಕಾರಣವಿರಲಿಲ್ಲ. ಇನ್ನು ಬೇಟೆಯಾಡದವನಿಗೆ ಗುಟ್ಟೇನು? ಅವನು ದಿನ ದಿನದ ವರದಿಯನ್ನು ಎದೆಯುಬ್ಬಿಸಿ ಒಪ್ಪಿಸಿದ. ಇಡೀ ಸೀಮೆಯಲ್ಲಿ ಇಲಾಖೆಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟವನು ಅವನೊಬ್ಬನೇ, ತಪ್ಪು ಉತ್ತರ ಕೊಟ್ಟವನೂ ಅವನೊಬ್ಬನೇ.

ಎರಡನೆಯ ವಸಂತ ಮುಗಿಯುತ್ತಾ ಬಂದಾಗ ಇಲಾಖೆಯ ಕೋರಿನ್ ಎಂಬ ಹುಡುಗಿ ಊರಿಗೆ ಬಂದಳು. ಅಗ್ನಿಶಾಮಕ ದಳದ ಶೆಡ್ಡಿನಲ್ಲಿ ಸಭೆ. ಬೆಂಕಿ ಆರಿಸುವ ಲಾರಿಯನ್ನು ಹೊರಗೆ ನಿಲ್ಲಿಸಿ, ಒಳಗೆ ಕುರ್ಚಿ ಹಾಕಿ, ಮೂಲೆಯಲ್ಲಿ ಮೀನು ಕರಿಯುತ್ತಿದ್ದರು. ಸಭೆಗೆ ಜನ ಬಂದದ್ದು ಮೀನಿಗಾಗಿ ಎನ್ನುವುದು ಕೋರಿನ್‌ಗೂ ಗೊತ್ತಿತ್ತು, ಪಾಪ. ಅವಳು ಗೋಡೆಗೆ ನಕ್ಷೆ ಅಂಟಿಸಿದಳು. ಕೆಂಪು ಬಳಿದ ಕಣಿವೆಗಳಲ್ಲಿ ಕೆಲವು ವರ್ಷ ಬೇಟೆ ಬಂದ್. ಅಲ್ಲಿ ಹಬ್ಬಿದ ಸೀಡರ್ ಪೊದೆ ಕಡಿಸಿ, ಬೆಂಕಿ ಹಾಕಿಸಿ, ಮರಿಗಳು ಓಡಾಡಲು ಹುಲ್ಲು ಬರುವ ಹಾಗೆ ಇಲಾಖೆಯೇ ಮಾಡಿಸುತ್ತದೆ. ಆಚೆ ಸೀಮೆಯ ಕಣಿವೆಗಳಲ್ಲಿ ಉಳಿದಿರುವ ಹಕ್ಕಿಗಳು ಹುಲ್ಲು ಕಂಡಲ್ಲಿಗೆ ತಾವಾಗಿ ಬರುತ್ತವೆ. ಕೋಲ್ಟರ್ ಗುಡ್ಡದ ಕಣಿವೆ ಮಾತ್ರ ನಡುವೆ ಹಚ್ಚ ಹಸಿರಾಗಿತ್ತು.

"ಇಲ್ಲಿ ಹಕ್ಕಿ ಚೆನ್ನಾಗಿವೆ, ಏನೂ ಮಾಡೋ ಅಗತ್ಯ ಇಲ್ಲ," ಎಂದು ಕೋರಿನ್ ನಕ್ಕಳು. "ಇದಕ್ಕೆ ನಾವು ಆರ್ವಿಲ್ ಅವರಿಗೆ ಥ್ಯಾಂಕ್ಸ್ ಹೇಳ್ಬೇಕು. ಇಂಥ ಕಿವಿ ಇರೋರು ಸಿಗೋದು ಕಷ್ಟ." ಅವಳು ಇಲಾಖೆಯ ಟೋಪಿಯೊಂದನ್ನು ತಂದು ಆರ್ವಿಲ್‌ನ ತಲೆಗೆ ಇಟ್ಟಳು. ಜನ ಚಪ್ಪಾಳೆ ತಟ್ಟಿದರು. ನೆಲ್ಡಾ ಕಣ್ಣೊರೆಸಿಕೊಂಡಳು.

ಡಾಯ್ಲ್‌ಗೆ ಬಾಯಿಗಿಟ್ಟ ಮೀನು ನುಂಗಲಾರದ ತುತ್ತಾಯಿತು. ಸುಮ್ಮನಿದ್ದರೆ ಆ ಕಣಿವೆಗೆ ಇನ್ನು ಹಕ್ಕಿ ಬರುವುದಿಲ್ಲ, ಬಾಯಿಬಿಟ್ಟರೆ ಭಾವನ ಮಾನ ಹೋಗುತ್ತದೆ. ಅವನು ಟೋಪಿಯನ್ನು ನೋಡಿದ, ನಕ್ಷೆಯನ್ನು ನೋಡಿದ. ಕೊನೆಗೆ ಎದ್ದು ನಿಂತ.

"ತಾಯಿ, ಆ ಹಸಿರು ತಪ್ಪು. ನಮ್ಮ ಕಣಿವೇಲಿ ಹಕ್ಕಿ ಇಲ್ಲ. ಒಂದೂ ಇಲ್ಲ."

ಶೆಡ್ಡಿನ ತಗಡು ಹಾರುವಂತೆ ನಗು ಎದ್ದಿತು.

"ಶುರು ಹಚ್ಕೊಂಡ ನೋಡ್ರಪ್ಪ!" ಎಂದು ಗೇಲನ್ ತೊಡೆ ತಟ್ಟಿಕೊಂಡ. "ಡಾಯ್ಲ್ ಒಂದೂ ಇಲ್ಲ ಅಂದ್ರೆ ಅಲ್ಲೊಂದು ಹಿಂಡೇ ಐತೆ ಅಂತ ಅರ್ಥ. ಲೋ, ಗುಡ್ಡಾನೆಲ್ಲ ನೀನೇ ನುಂಗ್ಬೇಕಂತಿದೀಯೇನೋ?"

"ನಿಜ ಹೇಳ್ತಿದೀನಿ ಕಣ್ರೋ."

"ಟರ್ಕಿ ವಿಷಯದಾಗಾ? ನಿಜಾನಾ? ನಿಮ್ಮಪ್ಪನಾಣೆಗೂ?"

ಕೋರಿನ್ ಮೃದುವಾಗಿ, "ಬೇಜಾರು ಮಾಡ್ಕೋಬೇಡಿ ಸಾರ್," ಎಂದಳು. "ಈ ಕಡೆಯೋರು 'ಇಲ್ಲ' ಅಂದ್ರೆ ನಾವೂ ಪೂರ್ತಿ ನಂಬಲ್ಲ. ಸ್ವಲ್ಪ ಸೇರಿಸ್ಕೊಂಡೇ ಲೆಕ್ಕ ಹಾಕ್ತೀವಿ."

"ಅದೂ ಅಲ್ದೆ ನಾನೇ ಕಣ್ಣಾರೆ ನೋಡಿದೀನಮ್ಮ!" ಗೇಲನ್ ಎದ್ದೇ ನಿಂತ. "ತೆವ್ಳಕೊಂಡು ಹೋಗಿದ್ದೆ. ಪೊದೆ ಸಂದೀಲಿ ಮುಖಕ್ಕೆ ಮುಖ. ಕೆಂಪು ಮೋರೆ, ಜೋತು ಬಿದ್ದ ಗಂಟಲು, ಬೋಳು ತಲೆ. ಅಂಥ ಕುರೂಪಿ ಹುಂಜನ್ನ ನನ್ನ ಜನ್ಮದಾಗೇ ನೋಡಿಲ್ಲ."

"ಅದು ನಾನು ಕಣೋ ಕತ್ತೆ!" ಎಂದ ಡಾಯ್ಲ್.

ಮತ್ತೆ ನಗು. ಇನ್ನು ಬೇರೆ ದಾರಿ ಇರಲಿಲ್ಲ. ಡಾಯ್ಲ್ ಜನರ ಕಡೆಗೆ ಬೆನ್ನು ತಿರುಗಿಸಿ, ಹಲ್ಲಿನ ಸೆಟ್ಟು ತೆಗೆದು ಜೇಬಿಗೆ ಹಾಕಿದ. ಅರವತ್ತೆಂಟು ವರ್ಷದ ಮರ್ಯಾದಸ್ಥ, ಊರಿನ ಅರ್ಧ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದವನು, ಬೆಂಕಿ ಲಾರಿಯ ಶೆಡ್ಡಿನಲ್ಲಿ ಕತ್ತು ಉದ್ದ ಮಾಡಿ, ಕಣ್ಣು ಮುಚ್ಚಿ, ಗಳಗಳಗಳ ಎಂದು ಕೂಗಿದ. ಕೂಗು ತಗಡಿಗೆ ಬಡಿದು ಎರಡಾಗಿ ವಾಪಸು ಬಂತು.

ಮೀನು ಕರಿಯುವವನ ಕೈಯ ಜಾಲರಿ ಎತ್ತಿದ್ದು ಎತ್ತಿದ ಹಾಗೆ ನಿಂತಿತು. ಗೇಲನ್‌ನ ಮುಖದ ರಕ್ತ ಇಳಿಯಿತು. "ಹಂಗಾದ್ರೆ ನಾನು ಗುರಿ ಇಟ್ಟಿದ್ದು..." ಎಂದವನು ಮಾತು ಮುಗಿಸದೆ ಕುರ್ಚಿಯಲ್ಲಿ ಕುಸಿದ. ಉಳಿದವರು ಒಬ್ಬೊಬ್ಬರಾಗಿ ಆರ್ವಿಲ್ ಕಡೆಗೆ ತಿರುಗಿದರು. ಟರ್ಕಿಗೂ ಹೆಂಡತಿಯ ತಮ್ಮನಿಗೂ ವ್ಯತ್ಯಾಸ ತಿಳಿಯದ ಕಿವಿ ಎಂದು ಬಾಯಿ ಬಿಟ್ಟು ಯಾರೂ ಹೇಳಲಿಲ್ಲ. ಹೇಳಿದ್ದರೇ ವಾಸಿಯಿತ್ತು.

ಆರ್ವಿಲ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ನಡಿ ನೆಲ್ಡಾ, ಮನೆಗೆ."

ಬಾಗಿಲಲ್ಲಿ ಕೋರಿನ್ ಅಡ್ಡ ಬಂದಳು. "ಸಾರ್, ನಿಮ್ಮ ಉತ್ತರಾನ ನೀವೇ ಬದಲಾಯಿಸ್ಬೇಕು, ಬೇರೆಯವರ ಮಾತಿನ ಮೇಲೆ ನಾನು ತಿದ್ದೋ ಹಾಗಿಲ್ಲ. ಬೆಳಿಗ್ಗೆ ಫೋನ್ ಮಾಡ್ತೀನಿ. ನೀವೇನಂತೀರೋ ಅದನ್ನೇ ಬರ್ಕೋತೀನಿ." ಆರ್ವಿಲ್ ಕಾಲೆಳೆದುಕೊಂಡು ಹೊರಗೆ ನಡೆದ.

ಪಿಕಪ್ಪಿನಲ್ಲಿ ಡಾಯ್ಲ್ ಸ್ಟೀರಿಂಗ್ ಹಿಡಿದ, ಆರ್ವಿಲ್ ಕಿಟಕಿಯ ಕಡೆ, ನಡುವೆ ನೆಲ್ಡಾ. ಗಾಡಿ ತೊರೆಯ ಸೇತುವೆ ದಾಟಿತು.

"ಎರಡು ವಸಂತ," ಎಂದ ಆರ್ವಿಲ್. "ನಿನ್ನ ಕೂಗು ಕೇಳೋಕೆ ನಾನು ದಿನಾ ಗಡ್ಡ ಹೆರ್ಕೊಂಡಿದೀನಿ."

"ನಾನೇನು ಹಾಸಿಗೇಲಿ ಮಲಗಿ ಕೂಗಿದ್ನಾ ಭಾವ? ಈ ಮೊಣಕಾಲಿಟ್ಕೊಂಡು ಗುಡ್ಡ ಹತ್ತಿದೀನಿ. ಇಬ್ಬನೀಲಿ ಕೂತು ಕೂತು ಮೂಲವ್ಯಾಧಿ ಬಂತು."

"ಯಾರೋ ಹತ್ತು ಅಂದಿದ್ದು ನಿನಗೆ? ನಾನು ಕೇಳಿದ್ನಾ?"

"ನಿಮ್ಮ ಮುಖ ಕೇಳ್ತು."

"ಇಬ್ಬರೂ ಬಾಯಿ ಮುಚ್ತೀರಾ, ಇಲ್ಲ ಇಳಿದು ನಡ್ಕೊಂಡು ಹೋಗ್ಲಾ?" ಎಂದಳು ನೆಲ್ಡಾ. ಇಬ್ಬರೂ ಮುಚ್ಚಿದರು. ಆದರೆ ಅಂಗಳದಲ್ಲಿ ಗಾಡಿ ನಿಂತಾಗ ಆರ್ವಿಲ್ ಇಳಿಯಲಿಲ್ಲ.

"ಮತ್ತೆ ಇವತ್ಯಾಕೋ ಹೇಳ್ದೆ? ಎರಡು ವರ್ಷ ಮುಚ್ಚಿಟ್ಟೋನು ಇನ್ನೊಂದೆರಡು ವರ್ಷ ಇಟ್ಟಿದ್ರೆ ನಾನು ಹಾಗೇ ಕೇಳ್ಕೊಂಡು ಹೋಗಿಬಿಡ್ತಿದ್ದೆ. ಸುಖವಾಗಿ."

ನಿಜ ಹೇಳುವುದು ಇಷ್ಟು ಕೆಟ್ಟ ಕೆಲಸ ಎಂದು ಡಾಯ್ಲ್‌ಗೆ ಗೊತ್ತಿರಲಿಲ್ಲ. "ಹಿಂಗೇ ಬಿಟ್ರೆ ಈ ಕಣಿವೇಲಿ ಉಳಿಯೋ ಟರ್ಕಿ ನಾನೊಬ್ನೇ ಭಾವ. ನನ್ನ ಮೊಣಕಾಲು ಇನ್ನೆಷ್ಟು ದಿನ?"

"ಒಂದೂ ಇಲ್ವಾ? ಖಂಡಿತ?"

"ಹುಡುಕದ ಜಾಗ ಇಲ್ಲ. ಒಂದು ಪುಕ್ಕ ಸಿಕ್ಕಿದ್ರೂ ತಂದು ತೋರಿಸ್ತಿದ್ದೆ."

ಆರ್ವಿಲ್ ಗುಡ್ಡದ ಕಡೆಗೆ ತಿರುಗಿದ. ಹಾಗಾದರೆ ತನ್ನ ಕಿವಿ ಹೋಗಿರಲಿಲ್ಲ. ಆ ಮೊದಲ ವಸಂತದ ಮೌನವನ್ನು ಅದು ಸರಿಯಾಗಿಯೇ ಕೇಳಿಸಿಕೊಂಡಿತ್ತು. ಅದರಿಂದ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಬೆಳಿಗ್ಗೆ ಡಾಯ್ಲ್ ಬೈಸಿಕೊಳ್ಳಲು ತಯಾರಾಗಿಯೇ ಬಂದ. ಆರ್ವಿಲ್ ಅಡಿಗೆಮನೆಯ ಮೇಜಿನ ಮುಂದೆ ಕೂತಿದ್ದ. ಗಡ್ಡ ಹೆರೆದಿರಲಿಲ್ಲ. ನೆಲ್ಡಾ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು. ಫೋನು ಬಡಿದುಕೊಂಡಾಗ ಮೂವರೂ ಅದನ್ನು ಹಾವು ಕಂಡಂತೆ ನೋಡಿದರು.

ಆರ್ವಿಲ್ ಎತ್ತಿಕೊಂಡ. ಕೋರಿನ್‌ಳ ದನಿ ಸಣ್ಣಗೆ ಹೊರಗೂ ಕೇಳುತ್ತಿತ್ತು. ಅದೇ ಪ್ರಶ್ನೆ. ಈ ವಸಂತದಲ್ಲಿ ಎಷ್ಟು ಹುಂಜ ಕೂಗಿದ್ದು ಕೇಳಿದಿರಿ?

ಇದೇ ಉತ್ತರವನ್ನು ಅವನು ಯೌವನದಲ್ಲಿ ಅಂಗಡಿಯ ಕಾಫಿಯ ಮುಂದೆ ನೂರಾರು ಸಲ ಕೊಟ್ಟಿದ್ದ. ಒಂದು ಸಲವೂ ನಾಲಿಗೆ ತಡವರಿಸಿರಲಿಲ್ಲ. ಈಗ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಒಂದೂ ಇಲ್ಲಮ್ಮ," ಎಂದ. "ಬರ್ಕೋ. ಇದಕ್ಕೆ ಏನೂ ಸೇರಿಸ್ಬೇಡ." ಫೋನು ಇಟ್ಟು, ಅಂಗೈಯಿಂದ ಕಣ್ಣು ಉಜ್ಜಿಕೊಂಡ. ನೆಲ್ಡಾ ಒಲೆಯ ಕಡೆಗೇ ತಿರುಗಿಕೊಂಡಿದ್ದಳು, ಅವಳ ಭುಜ ಅಲುಗುತ್ತಿತ್ತು.

ಡಾಯ್ಲ್ ತನ್ನ ಟೋಪಿ ತೆಗೆದುಕೊಂಡು ಮೆಲ್ಲಗೆ ಬಾಗಿಲ ಕಡೆ ನಡೆದ. ಇನ್ನು ಈ ಮನೆಗೆ ಬೆಳಗಿನ ಕಾಫಿಗೆ ಬರುವ ಕೆಲಸವಿಲ್ಲ ಎಂದುಕೊಂಡ.

"ಲೋ," ಎಂದ ಆರ್ವಿಲ್. "ನಾಳೆ ಬೆಳಕು ಹರಿಯೋ ಮುಂಚೆ ಬಾ. ಗುಡ್ಡಕ್ಕಲ್ಲ, ಜಗುಲಿಗೆ."

"ಯಾತಕ್ಕೆ ಭಾವ? ಏನೂ ಕೇಳ್ಸಲ್ವಲ್ಲ."

"ಅದಕ್ಕೇ ಕಣೋ. ಹಕ್ಕಿ ಕೂಗೋದನ್ನ ಒಬ್ನೇ ಕೂತು ಕೇಳ್ಬೋದು. ಕೂಗ್ದೇ ಇರೋದನ್ನ ಒಬ್ನೇ ಕೇಳೋಕಾಗಲ್ಲ."