ಅಂಗಳದ ಅಕ್ಷಾಂಶ

೧೯೦೯ನೆಯ ಇಸವಿ ನವೆಂಬರ್ ೧೫, ಸೋಮವಾರ, ಮಧ್ಯಾಹ್ನ ಹನ್ನೆರಡು ಗಂಟೆ ಹದಿನಾಲ್ಕು ನಿಮಿಷ. ಸವದತ್ತಿಯ ವೆಂಕಣ್ಣ ಪಂಚಾಂಗಿಯವರ ಅಂಗಳದಲ್ಲಿ ಅವರ ಮಗಳು ಸುಂದರಾಬಾಯಿ ಮೊಣಕಾಲೂರಿ ಕುಳಿತಿದ್ದಳು. ಎದುರಿನ ಕಂಬಕ್ಕೆ ಹಿತ್ತಾಳೆಯ ತಗಡೊಂದನ್ನು ಬಡಿದು, ಅದರಲ್ಲಿ ಸೂಜಿಯಿಂದ ತೂತು ಮಾಡಿದ್ದಳು. ತೂತಿನ ನೇರ ಕೆಳಗೆ, ಸರಿಯಾಗಿ ನಲವತ್ತೆಂಟು ಇಂಚಿನ ಅಂತರದಲ್ಲಿ, ನೆಲದೊಳಗಿನ ಕಲ್ಲಿಗೆ ಒಂದು ಹಿತ್ತಾಳೆ ಮೊಳೆ. ತೂತಿನಿಂದ ಇಳಿದ ಬಿಸಿಲಚುಕ್ಕೆ ನಡುಮಧ್ಯಾಹ್ನಕ್ಕೆ ಮೊಳೆಯಿಂದ ಎಷ್ಟು ದೂರ ಬೀಳುತ್ತದೆ ಎಂದು ಅಳೆದು, ಆ ದಿನದ ಸೂರ್ಯನ ಸ್ಥಾನ ಸೇರಿಸಿ ಲೆಕ್ಕ ಹಾಕಿದರೆ ಆ ಊರಿನ ಅಕ್ಷಾಂಶ ಸಿಗುತ್ತದೆ.

ಅಕ್ಷಾಂಶ ಯಾರಿಗೂ ಬೇಕಾಗಿರಲಿಲ್ಲ. ದಕ್ಷಿಣದ ಬೆಟ್ಟದ ಮೇಲಿನ ಒಂದು ವೇಧಶಾಲೆಗೆ ನಕ್ಷತ್ರಗಳ ಲೆಕ್ಕ ಮಾಡುವವರು ಬೇಕಾಗಿದ್ದರು. ಸುಂದರಾಬಾಯಿ ಅರ್ಜಿ ಹಾಕಿದ್ದಳು. ಉತ್ತರ ಹೀಗೆ ಬಂದಿತ್ತು: ‘ನಿಮ್ಮ ಊರಿನ ಅಕ್ಷಾಂಶ ನಕಾಶೆಯಲ್ಲಿದೆ. ನಿಮ್ಮ ಕೈ ಹೇಗಿದೆ ಎಂದು ನೋಡಬೇಕು. ಮೂವತ್ತು ದಿನಕ್ಕೆ ಕಡಿಮೆಯಿಲ್ಲದಂತೆ ಅಳತೆ ಮಾಡಿ, ಒಂದನ್ನೂ ತಿದ್ದದೆ, ಜನವರಿ ಹದಿನೈದರೊಳಗೆ ಮುಟ್ಟಿಸಿ.’

ಹದಿನಾಲ್ಕನೇ ವಯಸ್ಸಿಗೆ ರಾಮದುರ್ಗದಲ್ಲಿ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಅವಳು. ತಂದೆಯಿಂದ ಪಂಚಾಂಗದ ಗಣಿತ ಕಲಿತಳು, ಊರ ಮಾಸ್ತರರಿಂದ ಬೀಜಗಣಿತ. ಬೈಲಹೊಂಗಲದ ಹೆಣ್ಣುಮಕ್ಕಳ ಶಾಲೆಯಲ್ಲಿ ಆರು ವರ್ಷ ಪಾಠ ಹೇಳಿದಳು. ಪ್ಲೇಗು ಬಂದು ಆ ಶಾಲೆ ಮುಚ್ಚಿತು. ಈಗ ಅವಳಿಗೆ ಇಪ್ಪತ್ತೆಂಟು. ಈ ಕೆಲಸ ಸಿಗದಿದ್ದರೆ ಉಳಿದ ಆಯುಷ್ಯವೆಲ್ಲ ಅಡುಗೆಮನೆಯ ಹಿಂದಿನ ಕೋಣೆಯೇ.

ನಲವತ್ತು ದಿನಗಳಲ್ಲಿ ಒಂಬತ್ತು ದಿನ ಮೋಡ. ಮೂವತ್ತೊಂದು ಅಳತೆಗಳು ಸಿಕ್ಕವು. ಅಲ್ಲಿಯವರೆಗೆ ಅವಳು ಒಂದನ್ನೂ ಲೆಕ್ಕ ಹಾಕಲಿಲ್ಲ. ಉತ್ತರ ಗೊತ್ತಾದರೆ ಕಣ್ಣು ತಾನಾಗಿ ಅತ್ತ ಓಡುತ್ತದೆ ಎಂಬ ಭಯ. ದಿನವೂ ಇಂಚು ಬರೆಯುವುದು, ಪುಸ್ತಕ ಮುಚ್ಚುವುದು.

ಡಿಸೆಂಬರ್ ೨೪ರ ಮಧ್ಯಾಹ್ನ, ಕೊನೆಯ ಅಳತೆ ಮುಗಿದ ಮೇಲೆ, ಪಡಸಾಲೆಯಲ್ಲಿ ಕುಳಿತು ಎಲ್ಲವನ್ನೂ ಲೆಕ್ಕ ಹಾಕಿದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳ ಮುಖ ನೋಡಿ ವೆಂಕಣ್ಣನವರು ಪೂಜೆಯ ಮಣೆಯಿಂದ ಎದ್ದು ಬಂದರು.

“ಯಾಕ ಸುಂದ್ರಾ, ಏನಾತು?”

“ಮೊದಲನೇ ವಾರ ಹದಿನೈದು ಅಂಶ ನಲವತ್ತೈದು ಕಲಾ ಬಂದದ ಅಪ್ಪಾ. ಕಡೀ ವಾರ ಮೂವತ್ತೊಂಬತ್ತು.” ಒಂದು ಕಲೆಯೆಂದರೆ ಒಂದು ಅಂಶದ ಅರವತ್ತನೆಯ ಒಂದು ಪಾಲು.

“ಇಷ್ಟನ? ಎಲ್ಲಾ ಕೂಡಿಸಿ ಮೂವತ್ತೊಂದರಿಂದ ಭಾಗಿಸು. ಸರಾಸರಿ ತಗದ್ರ ಹೋತು.”

“ಸರಾಸರಿ ಚದುರಿದ ತಪ್ಪು ತಗೀತದ. ವಾಲಿದ ತಪ್ಪು ತಗಿಯೂದಿಲ್ಲ.” ಅವಳು ಕಾಗದ ತೋರಿಸಿದಳು. “ನೋಡ್ರಿ, ನನ್ನ ಕೈ ನಡುಗಿದ್ರ ಅಂಕಿ ಒಮ್ಮೆ ಮ್ಯಾಲ, ಒಮ್ಮೆ ಕೆಳಗ ಆಗಬೇಕು. ಇವು ದಿನಾ ಒಂದ ಕಡೆ ಇಳದಾವ. ಸೂರ್ಯ ನಮ್ಮೂರನ್ನ ದಕ್ಷಿಣಕ್ಕ ಎಳಕೊಂಡ ಹೊಂಟಾನೇನು?”

“ಕಂಬ ಕುಸದಿರಬೇಕು.”

ಮರುದಿನ ಬೆಳಿಗ್ಗೆ ಇಬ್ಬರೂ ಟೇಪು ಹಿಡಿದು ತೂತಿನಿಂದ ಮೊಳೆಯವರೆಗೆ ಮೂರು ಸಲ ಅಳೆದರು. ಮೂರು ಸಲವೂ ನಲವತ್ತೆಂಟು ಇಂಚು. ಕಂಬ ಕುಸಿದಿರಲಿಲ್ಲ. ಟೇಪನ್ನು ಊರ ಮಾಸ್ತರರ ಗಜಪಟ್ಟಿಯ ಪಕ್ಕ ಇಟ್ಟು ನೋಡಿದರು. ಅದೂ ಸರಿಯಿತ್ತು.

“ಹಂಗಾದ್ರ ಕಣ್ಣ,” ಎಂದರು ವೆಂಕಣ್ಣನವರು, ಮೆಲ್ಲಗೆ. “ದಿನಾ ಬಿಸಲಾಗ ಕುಂತಿ. ದಣದಾವ.”

ಅವಳು ಟೇಪು ಸುತ್ತತೊಡಗಿದಳು. ಅದೂ ಇರಬಹುದು ಎಂದೇ ಅವಳಿಗೂ ಅನಿಸಿತ್ತು. ಇದ್ದರೆ, ಬೆಟ್ಟದ ಮೇಲಿನವರು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ.

ಅಂಗಳ ಸಾರಿಸುವ ಬಾಯವ್ವ ಅಷ್ಟರಲ್ಲಿ ಸಗಣಿಯ ಬುಟ್ಟಿ ಹೊತ್ತು ಬಂದಳು. ಮುನವಳ್ಳಿ ಕಡೆಯವಳು, ಇಪ್ಪತ್ತು ವರ್ಷದಿಂದ ಆ ಅಂಗಳ ಅವಳದೇ. ಮೊದಲಾದರೆ ನಿತ್ಯ ಬರೇ ಸಗಣಿ ನೀರು ಚಿಮುಕಿಸಿ, ಅಮಾವಾಸ್ಯೆ ಹುಣ್ಣಿಮೆಗೆ ಮಾತ್ರ ಸಾರಿಸುತ್ತಿದ್ದಳು. ಅವಳು ಕಂಬದ ಬುಡದಲ್ಲಿ ಕುಳಿತು, ಉಗುರಿನಿಂದ ನೆಲ ಕೆರೆಯತೊಡಗಿದಳು.

“ಅಕ್ಕಾರ, ಈ ನಿಮ್ಮ ಮೊಳಿ ಖೊಟ್ಟಿ ಐತ್ರಿ. ದಿನಾ ಒಳಗ ಹೊಂಟೈತಿ. ದಿನಾ ಕೆರದು ಕೆರದು ನನ್ನ ಉಗುರ ಸವದಾವು. ಒಮ್ಮೆ ಇಕ್ಕಳದಾಗ ಹಿಡದ ಮ್ಯಾಲ ಜಗ್ರಿ.”

“ಕಲ್ಲಿಗೆ ಬಡದ ಮೊಳಿ ಎಲ್ಲೆ ಒಳಗ ಹೋಗತದ ಬಾಯವ್ವಾ?”

“ಬಂದ ನೋಡ್ರಿ ಹಂಗಾರ.”

ಸುಂದರಾಬಾಯಿ ಬಗ್ಗಿ ನೋಡಿದಳು. ಮೊಳೆಯ ತಲೆ ಒಂದು ಸಣ್ಣ ಕುಣಿಯ ತಳದಲ್ಲಿತ್ತು. ಅದನ್ನು ಬಡಿದ ದಿನ ಅದು ನೆಲಕ್ಕೆ ಸಮನಾಗಿತ್ತು.

“ದಿನಾ ಸಾರಸತೀ ಏನು ಇಲ್ಲೆ?”

“ಮತ್ತ! ದೀವಳಗಿ ಮುಗದ ಮ್ಯಾಲ ಒಂದ ದಿನಾನೂ ಬಿಟ್ಟಿಲ್ರಿ. ಸೂರ್ಯಪ್ಪ ಇಳದ ಬರೂ ಜಾಗಾ, ಹೊಲಸ ಇರಬಾರದು ಅಂತ. ಮೋಡ ಇದ್ರೂ ಸಾರಸೇನಿ. ನೀವ ಹೇಳಲಿಲ್ಲ, ಖರೆ. ಹೇಳೂ ಕೆಲಸೇನ್ರಿ ಇದು?”

ಸುಂದರಾಬಾಯಿ ಬೆರಳಿನಿಂದ ಆ ಕುಣಿಯ ಅಂಚು ಮುಟ್ಟಿ ನೋಡಿದಳು. ದಿನವೂ ಅದನ್ನು ನೋಡಿದ್ದಳು. ಆ ಹಸಿ ವಾಸನೆಯಲ್ಲೇ ಟೇಪು ಬಿಚ್ಚಿದ್ದಳು. ಮನೆಯಲ್ಲಿ ಹುಟ್ಟಿದಾಗಿನಿಂದ ನಡೆಯುವ ಕೆಲಸವನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ.

“ಅಪ್ಪಾ,” ಎಂದಳು. “ಮೊಳಿ ಇಳದಿಲ್ಲ. ನೆಲಾ ಏರೇದ. ಚುಕ್ಕಿ ಬೀಳೂದು ನೆಲದ ಮ್ಯಾಲ, ನಾವು ಎತ್ತರ ಅಳದದ್ದು ಮೊಳಿ ತನಕಾ. ಏರಿದ ನೆಲದ ಮ್ಯಾಲ ಚುಕ್ಕಿ ಮೊಳಿ ಸಮೀಪನ ಬೀಳತದ.”

ಅಡುಗೆಮನೆಯ ಚೂರಿಯಿಂದ ಐದು ಕಡೆ ನೆಲ ಕತ್ತರಿಸಿ, ಪದರದ ದಪ್ಪ ಅಳೆದಳು. ನಲವತ್ತು ದಿನಕ್ಕೆ ಹಂಚಿ, ಪ್ರತಿ ಅಳತೆಗೂ ನಲವತ್ತೆಂಟು ಇಂಚಿನಿಂದ ಆ ದಿನ ನೆಲ ಏರಿದಷ್ಟನ್ನು ಕಳೆದು, ಮತ್ತೆ ಲೆಕ್ಕ ಹಾಕಿದಳು. ವಾಲುವಿಕೆ ಹೋಯಿತು. ಅಂಕಿಗಳು ನಲವತ್ತಾರು ಕಲೆಯ ಸುತ್ತ, ಮೇಲೊಂದು ಕೆಳಗೊಂದು, ಕೋಳಿಮರಿಗಳ ಹಾಗೆ ಕೂಡಿ ನಿಂತವು. ಅವಳ ಕಣ್ಣು ದಣಿದಿರಲಿಲ್ಲ.

ಆದರೆ ಪತ್ರ ಹೇಳಿತ್ತು: ಒಂದನ್ನೂ ತಿದ್ದದೆ.

“ಹೊಸಾ ಅಂಕಿನ ಬರದ ಕಳಸು,” ಎಂದರು ವೆಂಕಣ್ಣನವರು. “ಖರೇ ಅಂಕಿನ ಅಲ್ಲೇನ ಅವು? ಸಗಣಿ ಕಥಿ ಬರದ್ರ ಸಾಹೇಬ್ರು ಬಿದ್ದ ಬಿದ್ದ ನಗತಾರ. ಅರ್ಜಿ ಬುಟ್ಟಿಗೆ ಬೀಳತದ. ಆಮ್ಯಾಲೆ ಏನ ಮಾಡತೀ?”

ಸುಂದರಾಬಾಯಿ ಎರಡು ದಿನ ಯೋಚಿಸಿದಳು. ಮೂರನೆಯ ದಿನ ಮೂವತ್ತೊಂದು ಅಳತೆಗಳನ್ನು, ವಾಲಿದ್ದನ್ನು ವಾಲಿದ ಹಾಗೆಯೇ, ಆರು ಪುಟಗಳಲ್ಲಿ ನಕಲು ಮಾಡಿದಳು. ಏಳನೆಯ ಪುಟದಲ್ಲಿ ಸಗಣಿಯ ಕತೆ ಬರೆದಳು.

ಅಂಚೆಗೆ ಹಾಕಲು ವೆಂಕಣ್ಣನವರೇ ಹೋದರು. ಹೊಸ್ತಿಲಲ್ಲಿ ನಿಂತು, “ನಗಲಿ ಬಿಡು,” ಎಂದರು. “ನಕ್ಕಾರಂದ್ರ ಏಳನೇ ಪುಟದ ತನಕಾ ಓದ್ಯಾರ ಅಂತನ ಅಲ್ಲ?”

ಮುಂದೆ ಇಪ್ಪತ್ತೆರಡು ವರ್ಷ ಅವಳು ಆ ಬೆಟ್ಟದ ಮೇಲೆ ನಕ್ಷತ್ರಗಳ ಸ್ಥಾನ ಲೆಕ್ಕ ಹಾಕಿದಳು. ಯಾವ ಉಪಕರಣ ಯಾವ ಕಡೆ ವಾಲುತ್ತದೆ ಎಂದು ಅಂಕಿಗಳನ್ನು ನೋಡಿಯೇ ಹೇಳುತ್ತಿದ್ದಳಂತೆ. ಕರೆದ ಪತ್ರ ಬಂದದ್ದು ಮಾರ್ಚ್ ತಿಂಗಳಲ್ಲಿ. ಅದರಲ್ಲಿ ಸಂಬಳ, ಪ್ರಯಾಣದ ವಿವರಗಳ ನಡುವೆ ಒಂದೇ ಒಂದು ಬೇರೆ ವಾಕ್ಯವಿತ್ತು: ‘ಏಳನೆಯ ಪುಟಕ್ಕಾಗಿ ಧನ್ಯವಾದ.’

ಹೊರಡುವ ದಿನ ಚಕ್ಕಡಿಗೆ ಪೆಟ್ಟಿಗೆ ಏರಿಸುತ್ತಿದ್ದಾಗ ಬಾಯವ್ವ ಬಂದಳು.

“ಅಕ್ಕಾರ, ನಿಮ್ಮ ಅಪ್ಪಾರು ಅಂತಿದ್ರು, ನೀವು ಸಾಹೇಬ್ರಿಗೆ ನನ್ನ ಹೆಸರ ಬರದೀರಂತ. ನನ್ನಿಂದ ಕೆಲಸ ಕೆಟ್ಟಿತು ಅಂತ ಬರದ್ರೇನ್ರಿ?”

“ಇಲ್ಲವಾ.”

“ಮತ್ತೇನಂತ ಬರದ್ರಿ? ಓದ್ರಿ ನೋಡೂನು.”

ಸುಂದರಾಬಾಯಿ ಚೀಲದಿಂದ ನಕಲು ಪ್ರತಿ ತೆಗೆದು, ಏಳನೆಯ ಪುಟದ ಕೊನೆಯ ಸಾಲುಗಳನ್ನು ಕನ್ನಡ ಮಾಡಿ ಓದಿದಳು:

“ನೆಲವನ್ನು ಬಾಯವ್ವ ಎಂಬವರು ನಲವತ್ತು ದಿನ, ಒಂದು ದಿನವೂ ತಪ್ಪಿಸದೆ, ಎಲ್ಲ ಕಡೆಗೂ ಸಮನಾಗಿ ಸಾರಿಸಿದ್ದಾರೆ. ಐದು ಕಡೆ ಅಳೆದ ಪದರದ ದಪ್ಪ: ಒಂದು ಇಂಚಿನ ಐದನೆಯ ಒಂದು ಭಾಗ.”