ಬಿಳಿ ಕುದುರೆಗೆ ನೀಲಿ

ಅಪ್ಪ ಕುದುರೆಯ ಜೂಲಿಗೆ ಜಡೆ ಹಾಕುವಾಗ ಅಳತೆ ನೋಡುತ್ತಿರಲಿಲ್ಲ, ದೇವರ ಪದ್ಯ ಹೇಳುತ್ತಿದ್ದ. ಒಂದು ಪದ್ಯಕ್ಕೆ ಒಂದು ಜಡೆ. ಪದ್ಯ ಮುಗಿದಲ್ಲಿ ಜಡೆಯೂ ಮುಗಿಯಬೇಕು. ಅಲ್ಲೇ ಮಡಚಿ, ದಾರದಲ್ಲಿ ಹೊಲಿದು, ಗುಂಡಗೆ ಗಂಟು ಕಟ್ಟಬೇಕು. ಕಿವಿಯ ಹಿಂದಿನಿಂದ ಹೆಗಲಿನವರೆಗೆ ಇಪ್ಪತ್ತೊಂದು ಪದ್ಯ, ಇಪ್ಪತ್ತೊಂದು ಗಂಟು, ಒಂದರ ಪಡಿಯಚ್ಚು ಇನ್ನೊಂದು. ಆ ಪದ್ಯಗಳನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಲಾಯದಲ್ಲಿ ನಿಂತು ಕೇಳಿ. ಇವತ್ತಿಗೂ ಯಾರಾದರೂ ಆ ಧಾಟಿಯಲ್ಲಿ ಪದ್ಯ ಎತ್ತಿಕೊಂಡರೆ ನನಗೆ ದೇವರಿಗಿಂತ ಮೊದಲು ಒದ್ದೆ ಕುದುರೆಗೂದಲಿನ ವಾಸನೆ ನೆನಪಾಗುತ್ತದೆ. ದೇವರು ಕ್ಷಮಿಸಲಿ.

ಅಪ್ಪ ಕೆಲಸಕ್ಕಿದ್ದ ಯಜಮಾನಿಯ ಲಾಯಕ್ಕೆ ಕುದುರೆ ಬಂದಾಗ ಮೂರು ವರ್ಷದ ಹೆಣ್ಣುಮರಿ, ಒಲೆಯ ಬೂದಿಯ ಬಣ್ಣ. ಆ ಜಾತಿಯವು ವಯಸ್ಸಾದಂತೆ ಬೆಳ್ಳಗಾಗುತ್ತಾ ಹೋಗುತ್ತವೆ. ಇವಳೂ ವರ್ಷ ವರ್ಷ ಬಿಳಿಚಿಕೊಂಡು ಬಂದಳು. ಲಾಳ ಹೊಡೆಯುವವನು ಒಂದು ದಿನ ಅವಳ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು, "ಇದು ಕುದುರೆ ಅಲ್ಲಣ್ಣ, ಬೆಳ್ಳಕ್ಕಿ" ಅಂದ. ಅಂದಿನಿಂದ ಅದೇ ಹೆಸರು.

ಅವಳು ಬೆಳ್ಳಗಾಗುತ್ತಿದ್ದ ವರ್ಷಗಳಲ್ಲೇ ಅಪ್ಪನ ಕಣ್ಣಿಗೆ ಪೊರೆ ಬರುತ್ತಿತ್ತು.

ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ನಾನು ಬಟ್ಟೆ ಹೊಲಿಯುವವಳು. ವರ್ಷಕ್ಕೊಮ್ಮೆ ಕುದುರೆಗಳ ಸ್ಪರ್ಧೆಯ ದಿನ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಿಕೊಡಲು ಹೋಗುತ್ತಿದ್ದೆ. "ಈ ಸೂಜಿ ಮಾಡಿದ ಪುಣ್ಯಾತ್ಮ ಅದಕ್ಕೆ ಕಣ್ಣು ಇಡೋದನ್ನೇ ಮರೆತಿದಾನೆ" ಎಂದು ಅಪ್ಪ ಬೈಯುತ್ತಿದ್ದ. ಮೊದಮೊದಲು ನಗುತ್ತಿದ್ದೆ. ಆಮೇಲೆ ನಗು ಬರಲಿಲ್ಲ.

"ಡಾಕ್ಟರ ಹತ್ರ ಹೋಗೋಣ ಅಪ್ಪ."

"ಹೋದ್ರೆ ಯಜಮಾನಿಗೆ ಗೊತ್ತಾಗುತ್ತೆ. ಕುರುಡನ ಕೈಗೆ ಬೆಳ್ಳಕ್ಕೀನ ಯಾರು ಕೊಡ್ತಾರೆ? ಬಾಯಿ ಮುಚ್ಕೊಂಡು ದಾರ ಪೋಣಿಸು."

ಅವನ ಹೆದರಿಕೆ ಸಂಬಳದ್ದಲ್ಲ. ಸಂಬಳ ಇನ್ನೊಂದು ಲಾಯದಲ್ಲೂ ಸಿಗುತ್ತಿತ್ತು. ಬೆಳ್ಳಕ್ಕಿ ಸಿಗುತ್ತಿರಲಿಲ್ಲ.

ಆ ಸ್ಪರ್ಧೆಯಲ್ಲಿ ಓಟ ನೋಡುವುದಿಲ್ಲ, ಜಿಗಿತವನ್ನೂ ನೋಡುವುದಿಲ್ಲ. ಕುದುರೆಯನ್ನು ಹೇಗೆ ಸಾಕಿದ್ದಾರೆ, ಹೇಗೆ ಸಿದ್ಧಮಾಡಿದ್ದಾರೆ ಎಂಬುದನ್ನಷ್ಟೇ ನೋಡುತ್ತಾರೆ. ತೀರ್ಪುಗಾರ ಬಿಳಿ ಕೈಗವಸು ಹಾಕಿಕೊಂಡು ಕುದುರೆಯ ಮೈಮೇಲೆ ಬೆರಳೆಳೆಯುತ್ತಾನೆ. ಬೆರಳಿಗೆ ಕೊಳೆ ಹತ್ತಿತೋ, ಮುಗಿಯಿತು. ಮೂರು ವರ್ಷ ಆ ಬೆರಳು ಬೆಳ್ಳಕ್ಕಿಯ ಮೈ ಮುಟ್ಟಿ, ಹೋದಷ್ಟೇ ಬೆಳ್ಳಗೆ ವಾಪಸು ಬಂದಿತ್ತು; ಗೆದ್ದವರ ರಿಬ್ಬನ್ ಅವಳಿಗೇ ಸಿಕ್ಕಿತ್ತು.

ನಾಲ್ಕನೆಯ ವರ್ಷ. ಬಿಳಿ ಕುದುರೆಯ ಮೈ ತೊಳೆದು, ಕೊನೆಯ ನೀರಿಗೆ ಬಟ್ಟೆಗೆ ಹಾಕುವ ನೀಲಿಯನ್ನು ಎರಡು ತೊಟ್ಟು ಬೆರೆಸುವುದು ಅಪ್ಪನ ರೂಢಿ. ಹಳದಿ ಛಾಯೆ ಹೋಗಿ ಹೊಳಪು ಬರುತ್ತದೆ. ಹಿಂದಿನ ದಿನ ಸಂಜೆ ತೊಳೆದು, ತೆಳುವಾದ ಬಟ್ಟೆ ಹೊದಿಸಿ, ಅಪ್ಪ ಮನೆಗೆ ಬಂದಿದ್ದ. ಬೆಳಿಗ್ಗೆ ನಾನೇ ಹೊದಿಕೆ ತೆಗೆದೆ.

ಬೆಳ್ಳಕ್ಕಿ ನೀಲಿಯಾಗಿದ್ದಳು.

ಕಡುನೀಲಿಯಲ್ಲ. ಶಾಲೆಯ ಸಮವಸ್ತ್ರದ ಅಂಗಿ ಹತ್ತು ಸಲ ಒಗೆದ ಮೇಲೆ ಆಗುತ್ತದಲ್ಲ, ಆ ನೀಲಿ. ಬಾಲದಲ್ಲಿ ಇನ್ನೂ ಒಂದು ಹಿಡಿ ಜಾಸ್ತಿ.

"ಹೇಗಿದಾಳೆ?" ಅಪ್ಪ ಹೆಮ್ಮೆಯಿಂದ ಕೇಳಿದ. "ನಿನ್ನೆ ಎಷ್ಟು ಹಾಕಿದ್ರೂ ಹಳದಿ ಹೋಗ್ಲೇ ಇಲ್ಲ ಕಣೇ. ಹಟ ಹಿಡಿದು ಅರ್ಧ ಸೀಸೆ ಸುರಿದೆ."

ಹಳದಿ ಇದ್ದದ್ದು ಕುದುರೆಯ ಮೈಮೇಲಲ್ಲ, ಅವನ ಕಣ್ಣಿನ ಪೊರೆಯಲ್ಲಿ. ಅದನ್ನು ಹೇಳುವುದು ಹೇಗೆಂದು ತಿಳಿಯದೆ ನಿಂತಿದ್ದಾಗ ಲಾಳದವನು ಬಾಗಿಲಲ್ಲಿ ಇಣುಕಿದ.

"ಅಣ್ಣಾ! ರಾತ್ರಿ ಬೆಳ್ಳಕ್ಕಿ ಕಟ್ಟಿಹೋದ್ರೆ ಬೆಳಿಗ್ಗೆ ಮಿಂಚುಳ್ಳಿ ಎದ್ದಿದೆಯಲ್ಲಾ!"

ಅಪ್ಪನ ಮುಖ ನೋಡಿದವನೇ ನಗು ನುಂಗಿಕೊಂಡ. ಅಪ್ಪ ಕುದುರೆಯ ಕುತ್ತಿಗೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, "ತುಂಬಾನಾ?" ಅಂದ.

"ಹೂಂ ಅಪ್ಪ."

ಹತ್ತು ಗಂಟೆಗೆ ಸ್ಪರ್ಧೆ. ಇದ್ದದ್ದು ಮೂರು ಗಂಟೆ. ಲಾಳದವನು ತನ್ನ ಕುಲುಮೆಯಲ್ಲೇ ನೀರು ಕಾಯಿಸಿ ತಂದ. ಸೋಪು ಹಚ್ಚಿ ತೊಳೆದೆವು, ಮತ್ತೆ ತೊಳೆದೆವು. ಕಾಲ ಕೆಳಗೆ ಹರಿಯುವ ನೀರು ನೀಲಿಯೇ. ಬೆಳ್ಳಕ್ಕಿಗೆ ಸಾಕಾಗಿ ಒಂದು ಸಲ ಬಕೀಟನ್ನೇ ಒದ್ದಳು. "ಒದಿ ತಾಯಿ, ನನ್ನನ್ನೇ ಒದಿ" ಅಂದ ಅಪ್ಪ. ಮೂರನೇ ಸಲಕ್ಕೆ ಬೆನ್ನು, ಹೊಟ್ಟೆ ತಿಳಿಯಾದವು. ಕುತ್ತಿಗೆ, ಬಾಲ ಮಾತ್ರ ಬಿಡಲೊಲ್ಲವು. ಬಟ್ಟೆಯಲ್ಲಿ ಒರೆಸಿ, ಅಲ್ಲಿಗೆಲ್ಲ ಸೀಮೆಸುಣ್ಣದ ಪುಡಿ ತಟ್ಟಿದೆ. ದೂರಕ್ಕೆ ಬಿಳಿ ಕಾಣುತ್ತಿತ್ತು.

ಅಪ್ಪ ಜಡೆಗೆ ನಿಂತ. ಆ ದಿನ ಪದ್ಯ ಹೇಳುವ ದನಿ ನಡುಗುತ್ತಿತ್ತು, ಬೆರಳು ನಡುಗಲಿಲ್ಲ. ನಾನು ದಾರ ಪೋಣಿಸಿ ಕೊಡುತ್ತಾ ಹೋದೆ. ಇಪ್ಪತ್ತೊಂದು ಗಂಟುಗಳಲ್ಲಿ ಒಂದೂ ಹೆಚ್ಚು ಕಡಿಮೆಯಿಲ್ಲ.

ಯಜಮಾನಿ ಬಂದು ಕಡಿವಾಣ ಹಿಡಿದು ಬೆಳ್ಳಕ್ಕಿಯನ್ನು ಸ್ಪರ್ಧೆಯ ಅಂಗಳಕ್ಕೆ ನಡೆಸಿಕೊಂಡು ಹೋದರು. ಬಿಸಿಲು ಏರಿತ್ತು. ನಾವು ಮೂವರೂ ಬೇಲಿಗೆ ಒರಗಿದೆವು.

"ಏನಾಗ್ತಿದೆ ಹೇಳೇ," ಅಂದ ಅಪ್ಪ.

"ತೀರ್ಪುಗಾರರು ಗೊರಸು ನೋಡ್ತಿದಾರೆ. ಈಗ ಜಡೆ. ಚೆನ್ನಾಗಿದೆ ಅಂತ ತಲೆ ಆಡಿಸಿದರು. ಈಗ..."

ಕೈಗವಸಿನ ಬೆರಳು ಕುತ್ತಿಗೆಯ ಕೆಳಗೆ ಹೋಯಿತು. ಅಲ್ಲಿ ಬೆವರು ಒಡೆದಿತ್ತು. ಅವರು ನೀಲಿ ಹತ್ತಿದ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು, ಯಜಮಾನಿಗೂ ತೋರಿಸಿದರು. ನಾನು ಸುಮ್ಮನಾದೆ. ಅಪ್ಪನಿಗೆ ಅಷ್ಟು ಸಾಕಾಯಿತು.

ಯಜಮಾನಿ ವಾಪಸು ಬಂದಾಗ ಅವರ ಕೈಯಲ್ಲಿ ರಿಬ್ಬನ್ ಇರಲಿಲ್ಲ.

"ಏನಿದು?"

"ನಾನು ಮಾಡಿದ್ದು ಅಮ್ಮಾವ್ರೇ," ಅಂದೆ. "ನಿನ್ನೆ ನೀಲಿ ಬೆರೆಸಿದ್ದು ನಾನು. ಅಳತೆ ಗೊತ್ತಾಗಲಿಲ್ಲ."

"ಸುಳ್ಳು ಹೇಳಬೇಡ ಮಗಳೇ." ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಪದ್ಯ ಹೇಳೋ ಬಾಯಿಗೆ ಅದು ಒಗ್ಗಲ್ಲ. ನನಗೆ ಕಣ್ಣು ಕಾಣಲ್ಲ ಅಮ್ಮಾವ್ರೇ. ಬಿಳಿಗೂ ಹಳದಿಗೂ ವ್ಯತ್ಯಾಸ ತಿಳಿಯಲ್ಲ."

ಯಜಮಾನಿ ಬಗ್ಗಿ ಅಪ್ಪನ ಕಣ್ಣು ನೋಡಿದರು. ಲಾಳದವನು ತನ್ನ ಕಾಲನ್ನೇ ನೋಡುತ್ತಿದ್ದ.

"ಎಷ್ಟು ದಿನದಿಂದ?"

"ಎರಡು ವರ್ಷ."

"ಹೋದ ಸಲ, ಅದರ ಹಿಂದಿನ ಸಲ ಗೆದ್ದಿದ್ದು?"

"ಕೈ ಇತ್ತಲ್ಲ ಅಮ್ಮಾವ್ರೇ."

ಅವರು ಜೂಲಿನ ಒಂದು ಗಂಟನ್ನು ಮುಟ್ಟಿ ನೋಡಿದರು. "ನಾಳೆಯಿಂದ ನೀವು ಲಾಯಕ್ಕೆ ಬರೋದು ಬೇಡ," ಅಂದರು. ಅಪ್ಪ ತಲೆ ತಗ್ಗಿಸಿದ. "ಆಪರೇಷನ್ ಆಗಿ ಡಾಕ್ಟರು ಹೂಂ ಅನ್ನೋವರೆಗೂ ಬೇಡ. ಆಮೇಲೆ ಒಂದು ದಿನ ತಡ ಮಾಡಿದ್ರೂ ನಾನೇ ಮನೆಗೆ ಬರ್ತೀನಿ. ಬಕೀಟು ಒದಿಯೋ ಇವಳನ್ನ ಬೇರೆ ಯಾರು ತೊಳೀತಾರೆ?"

ಅಪ್ಪ ಮನೆಯ ಮೆಟ್ಟಿಲ ಮೇಲೆ ಕುಳಿತು ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಏಳು ವಾರಕ್ಕೆ ಎರಡೂ ಕಣ್ಣಿನ ಆಪರೇಷನ್ ಮುಗಿಯಿತು. ಕಪ್ಪು ಕನ್ನಡಕ ಹಾಕಿಕೊಂಡ ಅಪ್ಪನ ಕೈ ಹಿಡಿದು ಲಾಯಕ್ಕೆ ಹೋದೆ. ಬೆಳ್ಳಕ್ಕಿ ನಮ್ಮ ಹೆಜ್ಜೆ ಕೇಳಿಯೇ ಕೆನೆದಳು. ಅಪ್ಪ ಕನ್ನಡಕ ತೆಗೆದ. ಬ್ರಷ್ಷಿಗೆ ಕೈಹಾಕದೆ ಸುಮ್ಮನೆ ನೋಡುತ್ತಾ ನಿಂತುಬಿಟ್ಟ. ಅವಳು ಬೂದಿಬಣ್ಣ ಕಳೆದುಕೊಂಡು ಹಾಲಿನಂತಾದದ್ದನ್ನು, ದಿನವೂ ತೊಳೆಯುತ್ತಿದ್ದ ಅವನೊಬ್ಬನೇ ಅಲ್ಲಿಯವರೆಗೆ ಕಂಡಿರಲಿಲ್ಲ.

"ರೆಪ್ಪೆ ಕೂಡಾ ಬಿಳಿ ಕಣೇ," ಅಂದ, ನನಗೆ ಹೊಸ ಸುದ್ದಿ ಹೇಳುವವನಂತೆ.