ಇಬ್ಬರೂ ಇಟ್ಟ ಒಂದ ವಿಳಾಸ

ಗುರುವಾರ ನನ್ನ ಮಗಳು ಕಾಂಚನಾನ ನಿಶ್ಚಯ. ಆಕಿ ಉಡೋ ಸೀರಿ ನಮ್ಮ ಮಗ್ಗದಾಗ ಇನ್ನಾ ಅರ್ಧಾ ಆಗಿತ್ತು. ಮಂಗಳವಾರ ಮುಂಜಾನಿಂದ ಮಗ್ಗ ಐದು ಸಲ ತಾನಾಗೇ ನಿಂತು ಬಿಡ್ತು. ನಿಂತಾಗೊಮ್ಮೆ ಬಟ್ಟಿ ಮ್ಯಾಲ ಒಂದು ಗೆರಿ ಬೀಳತೈತಿ. ಗೆರಿ ಬಿದ್ದ ಸೀರಿ ಉಡಿಸಿದ್ರ ಬನಹಟ್ಟಿ ನೇಕಾರರ ಮಾನ ಏನು ಉಳೀತು?

"ಕರೆಂಟ್ ಐತಿ, ಮೋಟಾರೂ ಛಲೋ ಐತಿ," ಅಂದ್ರು ನಮ್ಮನಿಯವರು ಯಮನಪ್ಪ. ಅವರಿಗೆ ಮೊಣಕಾಲು ನೋವು, ಎದ್ದು ಕುಂತು ಮಾಡೋದು ಬ್ಯಾಡಂತ ಮಗ್ಗಕ್ಕ ಮೊನ್ನೆ ರಿಮೋಟ್ ಸ್ವಿಚ್ ಹಾಕಿಸಿದ್ವಿ. ಆರನೇ ಸಲ ನಿಂತಾಗ ನಾ ಕಿವಿ ಕೊಟ್ಟೆ. ಅದ ಹೊತ್ತಿಗೆ ಗ್ವಾಡಿ ಆಚೆ ಬಾಜೂಮನಿ ಇಂದ್ರವ್ವನ ಫ್ಯಾನ್ ಗರಗರ ಸುರು ಆತು. ಆಕಿನೂ ಅದಕ್ಕ ನಮ್ಮಂಥಾದ ರಿಮೋಟ್ ಸ್ವಿಚ್ ಹಾಕಿಸಿದ್ಲು.

ನನಗ ಸಿಟ್ಟು ಮೂಗಿನ ತುದಿ ಮ್ಯಾಲ. ಚಪ್ಪಲಿ ಸೈತ ಹಾಕಲಿಲ್ಲ, ನೆಟ್ಟಗ ಹ್ವಾದೆ.

"ಏನಬೇ, ನನ್ನ ಮಗಳ ಸೀರಿ ಮ್ಯಾಲ ನಿನಗೇನು ಹೊಟ್ಟಿಕಿಚ್ಚು?"

"ನೀವು ಮಗ್ಗ ಹಚ್ಚಿದಾಗೊಮ್ಮೆ ನನ್ನ ಫ್ಯಾನ್ ಬಂದ್! ಸೆಕಿಗೆ ಸಾಯಾಕತ್ತೇನಿ ನಾ!" ಅಂತ ಆಕಿನೂ ಏರಿ ಬಂದ್ಲು.

ಇಬ್ಬರಿಗೂ ಸ್ವಿಚ್ ಮಾರಿದ್ದ ನಾಮದೇವನ್ನ ಕರೆಸಿದ್ವಿ. ಆಂವ ಎರಡೂ ರಿಮೋಟ್ ಬಿಚ್ಚಿದ. ಒಳಗ ಸಾಲಾಗಿ ಎಂಟು ಸಣ್ಣ ಕಡ್ಡಿ. ಒಂದೊಂದನ್ನ ಮ್ಯಾಲ ಇಲ್ಲಾ ಕೆಳಗ ಸರಿಸಬಹುದು.

"ಇದ ವಿಳಾಸರೀ. ರಿಮೋಟಿನ ಕಡ್ಡಿ ಹೆಂಗದಾವೋ ಸ್ವಿಚ್ಚಿನಾಗೂ ಹಂಗ ಇದ್ರ ಅದು ಮಾತು ಕೇಳತೈತಿ. ಎರಡನೂರಾ ಐವತ್ತಾರು ಥರ ಇಡಬಹುದು, ನಿಮಗ ತಿಳಿದಂಗ ಇಟ್ಕೋರಿ ಅಂದಿದ್ದೆ. ಅಷ್ಟರಾಗ ಇಬ್ರೂ ಒಂದ ಥರ ಹೆಂಗ ಇಟ್ರಿ?"

ನಾ ಬಗ್ಗಿ ನೋಡಿದೆ. ಎರಡು ಮ್ಯಾಲ, ಒಂದು ಕೆಳಗ, ಎರಡು ಮ್ಯಾಲ, ಮೂರು ಕೆಳಗ. ಇದು ತೀರಿಹೋದ ನಮ್ಮ ಅತ್ತಿ ಹಾಲವ್ವನ ದಡಿ! ಸೀರಿ ದಡಿ ಮೂಡಾಕ ಮಗ್ಗದಾಗ ಗೂಟ ಇಡೋ ಲೆಕ್ಕ ಇದು: ಮ್ಯಾಲ ಅಂದ್ರ ಗೂಟ, ಕೆಳಗ ಅಂದ್ರ ಖಾಲಿ. ಮರೀಬಾರದಂತ ನಾ ರಿಮೋಟಿಗೂ ಅದನ್ನ ಇಟ್ಟಿದ್ದೆ. ನಮ್ಮನಿ ಹೊಸ್ತಿಲ ದಾಟದ ದಡಿ ಅದು.

"ಕಳ್ಳಿ! ನಮ್ಮ ಅತ್ತಿ ದಡಿ ನಿನ್ನ ಕೈಗೆ ಹೆಂಗ ಬಂತು?"

ಇಂದ್ರವ್ವ ಈ ಸಲ ಒದರಲಿಲ್ಲ.

"ಕಾಂಚನಾನ ಹಡಿಯಾಕ ನೀ ಐದು ತಿಂಗಳು ಮುಧೋಳಕ್ಕ ತವರಿಗೆ ಹೋಗಿದ್ದಿ. ನಿಮ್ಮತ್ತಿ ಕೈ ನಡುಗತಿದ್ವು. ಆವಾಗ ನಿಮ್ಮ ಮಗ್ಗಕ್ಕ ಯಾರು ಕುಂತಿದ್ರು ಅಂತ ತಿಳಿದಿದ್ದಿ? 'ನನ್ನ ಸೊಸಿ ಗುರುಬಾಯಿಗೆ ಹೇಳಬ್ಯಾಡ, ದಡಿ ಹೊರಗ ಕೊಟ್ಟೆ ಅಂತ ಸಿಟ್ಟಾಗತಾಳ' ಅಂದಿದ್ರು. ಹೇಳಲಿಲ್ಲ. ನನ್ನ ಮಗ್ಗದಾಗ ಒಂದು ಸೀರಿನೂ ಆ ದಡೀಲೆ ನೇಯ್ದಿಲ್ಲ. ಆದ್ರ ಬೆರಳು ಮರೀಲಿಲ್ಲ, ರಿಮೋಟಿನ ಕಡ್ಡಿ ಇಡೋವಾಗ ತಾನಾಗೇ ಅದ ಬಂತು, ಏನು ಮಾಡ್ಲಿ?"

ಯಮನಪ್ಪ ಗ್ವಾಡಿ ನೋಡಾಕತ್ತಿದ್ರು. ಖೋಡಿ ಮನಷ್ಯಾ, ಇವರಿಗೂ ಗೊತ್ತಿತ್ತು! ನನಗ ನಾಚಿಕಿನೂ ಬಂತು, ಅಳುನೂ ಬಂತು.

"ಒಬ್ರಾದ್ರೂ ಬದಲಿ ಮಾಡ್ರೆವ್ವಾ," ಅಂದ ನಾಮದೇವ.

"ನಂದ ಮಾಡು," ಅಂದೆ. "ಆಕೀದು ಹಂಗ ಇರಲಿ."

ಗೆರಿ ಬಿದ್ದ ತುಂಡು ಕತ್ತರಿಸಿ ಒಗದು, ಅತ್ತಿ ದಡೀಲೇ ಹೊಸದು ಸುರು ಮಾಡಿದ್ವಿ. ಒಂದು ಪಾಳಿ ನಾನು, ಒಂದು ಪಾಳಿ ಇಂದ್ರವ್ವ. ಬುಧವಾರ ಸಂಜಿಗೆ ಸೀರಿ ಆತು, ಒಂದು ಗೆರಿ ಇಲ್ಲ.

ಗುರುವಾರ ಬೀಗಿತ್ತಿ ಕಾಂಚನಾನ ಸೀರಿ ಸವರಿ ನೋಡಿದ್ಲು. "ದಡಿ ಭಾಳ ಛಂದ ಐತಿ. ಯಾರ ಮನೀದ್ರಿ?"

ನಾ ಇಂದ್ರವ್ವನ ಕೈ ಹಿಡಿದು ಮುಂದಕ್ಕ ಎಳದೆ.

"ಇಕಿ ಮನೀದ್ರಿ," ಅಂದೆ.

ಇಂದ್ರವ್ವ ಎಲ್ಲಾರ ಎದುರಿಗೇ ನನ್ನ ರಟ್ಟಿ ಚಿವುಟಿ, ಅತ್ತು ಬಿಟ್ಲು.